ಅಂಜನಮ್ಮನ ಒಂದನೇ ನಂಬರು

ಚಕ್ರಪಾಣಿಯ ಬಾಯಲ್ಲಿ ಉದ್ದಿನವಡೆಯ ತುಣುಕೊಂದು ಎಡದವಡೆಯಿಂದ ಬಲದವಡೆಗೆ ಹೊರಳಿತು. ಹನುಮಯ್ಯನಿಗೆ ಅದನ್ನು ನೋಡಲು ಹೇಸಿಗೆಯಾಯಿತು. ಆದರೂ ಆ ಬಾಯಿಂದ ಕಣ್ಣು ತೆಗೆಯುವಂತಿರಲಿಲ್ಲ.

"ನಂಬರ್ ಒನ್ ಅಂದ್ರೆ ವತ್ಸಲಾನೇ," ಎಂದಿತು ಆ ಬಾಯಿ. "ನಿನ್ನ ಹೊಸಕೋಟೆ ಅಂಜನಮ್ಮನ ಕಾಲ ಮುಗೀತು ಕಣಯ್ಯ."

ರಾಜ್ಯ ಒಂದಾದ ಮರುವರ್ಷದ ಮಾತು. ಮಾಗಡಿ ರಸ್ತೆಯ ನಾರಾಯಣಪ್ಪನ ಹೋಟೆಲಿನಲ್ಲಿ ಪ್ರತಿ ಶನಿವಾರ ಸಂಜೆ ಇದೇ ಗಲಾಟೆ. ಮಿಲ್ಲಿನ ಮಗ್ಗದ ಶೆಡ್ಡಿನ ಮೂವರು, ಹನುಮಯ್ಯ, ಚಕ್ರಪಾಣಿ ಮತ್ತು ಮುನಿರಾಮಯ್ಯ, ಶಿಫ್ಟು ಮುಗಿಸಿ ಬಂದು ರೇಡಿಯೋ ಕೆಳಗಿನ ಮೇಜಿನ ಮೂರು ಕಡೆ ಕೂರುತ್ತಿದ್ದರು. ಸಿನಿಮಾದಲ್ಲಿ, ಗ್ರಾಮಫೋನ್ ಪ್ಲೇಟಿನಲ್ಲಿ ಹಾಡುವವರಲ್ಲಿ ಯಾರು ಮೊದಲು, ಯಾರು ಹತ್ತನೆಯವರು ಎಂದು ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಕೆಳಗಿನ ಒಂಬತ್ತು ಹೆಸರು ವಾರವಾರವೂ ಹತ್ತಿ ಇಳಿಯುತ್ತಿದ್ದವು. ಮೇಲಿನ ಅಂಜನಮ್ಮನ ಹೆಸರು ಮಾತ್ರ ಏಳು ವರ್ಷದಿಂದ ಅಲ್ಲಾಡಿರಲಿಲ್ಲ. ಯಾರಾದರೂ ಅದರ ತಂಟೆಗೆ ಬಂದರೆ ಹನುಮಯ್ಯ ಮೈಮೇಲೆ ಬೀಳುತ್ತಿದ್ದ.

ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹದಿನೆಂಟು ವರ್ಷ ಇನ್ನೂರು ಮಗ್ಗಗಳು ಬಡಿದು ಬಡಿದು ಎರಡೂ ಕಿವಿಯನ್ನು ತಿಂದುಹಾಕಿದ್ದವು. ಪೂರ್ತಿ ಹೋಗುವ ಮುಂಚೆ ಕೊನೆಯದಾಗಿ ಕೇಳಿದ್ದು ಅಂಜನಮ್ಮನ ಪ್ಲೇಟೊಂದನ್ನು. ಹೆಂಡತಿ ರಾಮಕ್ಕನ ದನಿ ಹೇಗಿತ್ತೆಂಬುದೂ ಈಗ ನೆನಪಿಲ್ಲ. ಅಂಜನಮ್ಮನ ದನಿ ಮಾತ್ರ ತಲೆಯೊಳಗೆ ಹಾಗೇ ಉಳಿದಿತ್ತು.

ರಾಮಕ್ಕನನ್ನು ಬಿಟ್ಟರೆ ಈ ಸಂಗತಿ ಯಾರಿಗೂ ಗೊತ್ತಿಲ್ಲ. ಶೆಡ್ಡಿನ ಸದ್ದಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ಹಿಡಿಯುವುದು. ಹನುಮಯ್ಯ ಹೊರಗೆ ಬಂದ ಮೇಲೂ ಅದನ್ನೇ ಮುಂದುವರಿಸಿದ. ಹಾಗಾಗಿ ಅವನ ಪಾಲಿಗೆ ಲೋಕವೆಂದರೆ ಬರೀ ಬಾಯಿಗಳು. ಎಲೆಯಡಿಕೆಯ ಹಲ್ಲು, ಬೀಡಿ ಸುಟ್ಟ ತುಟಿ, ಕಟವಾಯಿಯಲ್ಲಿ ಕಟ್ಟಿದ ನೊರೆ. ಮುನಿರಾಮಯ್ಯನಂತೂ ಚಟ್ನಿ ಮೆತ್ತಿದ ಮೀಸೆಯ ಅಡಿಯಿಂದ ಮಾತನಾಡುತ್ತಿದ್ದ. ಥೂ, ಅದನ್ನು ದಿಟ್ಟಿಸುವುದಕ್ಕಿಂತ ಮೋರಿ ನೋಡುವುದು ವಾಸಿ.

ಹೇಳಿಬಿಡಬಹುದಿತ್ತು. ಆದರೆ ಹಿಂದೆ ಶೆಡ್ಡಿನ ಮುದುಕನೊಬ್ಬನಿಗೆ 'ಕೆಪ್ಪ' ಎಂದು ಹೆಸರಿಟ್ಟು, ಅವನ ಬೆನ್ನ ಹಿಂದೆ ನಿಂತು ಅವನ ತಾಯಿಯನ್ನು ಬೈದು ನಕ್ಕವರು ಇದೇ ಮೂವರು. ಎಲ್ಲರಿಗಿಂತ ಹೆಚ್ಚು ನಕ್ಕವನು ಹನುಮಯ್ಯ. ಮುದುಕ ತಿಂಗಳೊಳಗೆ ಕೆಲಸ ಬಿಟ್ಟು ಹೋದ.

"ಇವತ್ತು ತೀರ್ಮಾನ ಆಗ್ಲಿ," ಎಂದು ಚಕ್ರಪಾಣಿ ಜೇಬಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದ. ರೇಡಿಯೋ ಕಾರ್ಯಕ್ರಮದ ಪಟ್ಟಿ. "ಐದೂವರೆಗೆ ವತ್ಸಲಾದು ಹೊಸ ಹಾಡು ಬರುತ್ತೆ. ಕೇಳು, ಆಮೇಲೆ ಹೇಳು."

"ಕೇಳೋದೇನಿದೆ? ಅಂಜನಮ್ಮ ಅಂಜನಮ್ಮನೇ."

"ಇವನಿಗೆ ಹೇಳೋದೂ ಒಂದೇ, ಕಿವುಡನ ಮುಂದೆ ಕಿನ್ನರಿ ಬಾರಿಸೋದೂ ಒಂದೇ."

ಹನುಮಯ್ಯ ಇಬ್ಬರ ಮುಖವನ್ನೂ ಸರಸರನೆ ನೋಡಿದ. ಗೊತ್ತಾಗಿಹೋಯಿತೇ? ಆದರೆ ಗಾದೆ ಹೇಳಿದ ಚಕ್ರಪಾಣಿಯೇ ಯಾಕೋ ಪೆಚ್ಚಾಗಿ ಲೋಟದೊಳಗೆ ಮುಖ ಇಟ್ಟುಕೊಂಡಿದ್ದ. ಮುನಿರಾಮಯ್ಯನೂ ನಗಲಿಲ್ಲ.

ಗೋಡೆ ಗಡಿಯಾರದ ಮುಳ್ಳು ಐದೂವರೆ ಮುಟ್ಟಿತು. ಹಲಗೆಯ ಮೇಲೆ ರೇಡಿಯೋದ ಹಳದಿ ದೀಪ ಉರಿಯುತ್ತಿತ್ತು. ಹನುಮಯ್ಯ ಚಕ್ರಪಾಣಿಯ ಬೆರಳನ್ನೇ ನೋಡುತ್ತಾ ಕೂತ. ಅದು ಮೇಜಿನ ಮೇಲೆ ತಾಳ ಹಾಕತೊಡಗಿತು. ಇವನೂ ಹಾಕಿದ. ಇಬ್ಬರ ಕೈ ನೋಡಿ ಮುನಿರಾಮಯ್ಯ ತಲೆದೂಗಿದ. ಅವನು ತೂಗಿದ್ದು ಕಂಡು ಚಕ್ರಪಾಣಿಯೂ ತೂಗಿದ. ಅಡುಗೆಮನೆಯಲ್ಲಿ ತಟ್ಟೆಗಳ ರಾಶಿ ಉರುಳಿತೋ ಏನೋ, ಬೇರೆ ಮೇಜಿನವರೆಲ್ಲ ತಟ್ಟನೆ ಅತ್ತ ತಿರುಗಿದರು. ಈ ಮೇಜಿನಲ್ಲಿ ಯಾರೂ ಕದಲಲಿಲ್ಲ. ಅಷ್ಟು ಚೆನ್ನಾಗಿ ಹಾಡುತ್ತಿದ್ದಾಳೆ, ಹಾಳಾದವಳು, ಎಂದುಕೊಂಡ ಹನುಮಯ್ಯ.

"ಏನಂತೀಯೋ ಹನುಮ?" ಎಂದಿತು ಚಟ್ನಿ ಮೀಸೆ. "ಕೊನೇಲಿ ಮೇಲಕ್ಕೆ ಎಳೆದಳಲ್ಲ, ಹೆಂಗಿತ್ತು?"

ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದರು. ಚೆನ್ನಾಗಿಲ್ಲ ಎಂದರೆ ಯಾಕೆಂದು ಹೇಳಬೇಕು. ಶ್ರುತಿ ತಪ್ಪಿದಳೋ, ತಾಳ ತಪ್ಪಿದಳೋ, ಮಾತು ನುಂಗಿದಳೋ. ಒಂದು ಸುಳ್ಳು ಹೆಚ್ಚುಕಡಿಮೆಯಾದರೆ ಸೋಮವಾರದಿಂದ ಶೆಡ್ಡಿನಲ್ಲಿ ಅವನು ಕೆಪ್ಪ ಹನುಮ. ಚೆನ್ನಾಗಿದೆ ಎಂದರೆ ತನಗೆ ಉಳಿದಿರುವ ಒಂದೇ ಒಂದು ದನಿಗೆ ದ್ರೋಹ.

"ಪರವಾಗಿಲ್ಲ, ಹಾಡ್ತಾಳೆ," ಎಂದ ಹನುಮಯ್ಯ. "ಅಂಜನಮ್ಮನಿಗಿಂತ ಒಂದು ಕೈ ಮೇಲೇನೇ."

ಎದ್ದು ತನ್ನ ಅಂಗೈಯಿಂದಲೇ ಗೋಡೆಯ ಮೇಲಿನ ಮೊದಲ ಹೆಸರನ್ನು ಒರೆಸಿದ. ಸೀಮೆಸುಣ್ಣದ ಪುಡಿ ಬೆವರಿಗೆ ಅಂಟಿಕೊಂಡಿತು. ಇಷ್ಟು ವರ್ಷ ನೋಡಿದ ಯಾವ ಬಾಯಿಯೂ ತನ್ನ ಬಾಯಿಯಷ್ಟು ಹೊಲಸಾಗಿರಲಿಲ್ಲ ಎನ್ನಿಸಿತು. ಉಗುಳಿ ಬರೋಣವೆಂದು ಬಾಗಿಲ ಕಡೆ ತಿರುಗಿದ.

ಅಲ್ಲಿ ಗಲ್ಲಾದ ಬಳಿ ಹೊಸ ಗಿರಾಕಿಯೊಬ್ಬ ನಿಂತಿದ್ದ. ರಾಜಾಜಿನಗರದ ಕಡೆ ಹೊಸದಾಗಿ ಬಂದ ಗುಮಾಸ್ತನಿರಬೇಕು. ರೇಡಿಯೋದ ಕಡೆ ಕೈ ತೋರಿಸಿ ಏನೋ ಕೇಳುತ್ತಿದ್ದ. ನಾರಾಯಣಪ್ಪ ಚಿಲ್ಲರೆ ಕೊಡುತ್ತಾ ಉತ್ತರ ಹೇಳಿದ. ಅಷ್ಟು ದೂರದಿಂದಲೂ ಆ ತುಟಿಗಳ ಮಾತು ಹನುಮಯ್ಯನಿಗೆ ಒಂದಕ್ಷರ ಬಿಡದೆ ತಿಳಿಯಿತು.

"ದೀಪ ಒಂದು ಉರಿಯುತ್ತೆ ಸ್ವಾಮಿ, ರೇಡಿಯೋ ಸದ್ದು ನಿಂತು ಮೂರು ವಾರ ಆಯ್ತು."