ಸೊಲ್ಲು ಹಿಡಿಯುವವಳು

ಹಾಡು ಮುಗಿದರೂ ಲಕ್ಕವ್ವ ಫೋನಿನಿಂದ ಕಣ್ಣು ಕೀಳಲಿಲ್ಲ. ಅದರಲ್ಲಿ ಅವಳ ಭಾವನ ಹೆಂಡತಿ, ನೆಗೆಣ್ಣಿ ತಂಗೆವ್ವನ ದನಿ ಇತ್ತು, ಡೊಳ್ಳಿಗೆ ಬೆರೆಸಿದ ಹೊಸ ಬೀಟ್ ಇತ್ತು. ಮದುವೆಯಾಗಿ ಬಂದಾಗಿನಿಂದ ತಂಗೆವ್ವನ ಹಿಂದೆ ಕೂತು, ಅವಳು ಹಾಡಿದ ಸಾಲನ್ನು ತಿರುಗಿ ಹಾಡಿ ಸೊಲ್ಲು ಹಿಡಿಯುತ್ತಿದ್ದ ಲಕ್ಕವ್ವನ ದನಿ ಮಾತ್ರ ಇರಲಿಲ್ಲ.

“ನನ್ನ ದನಿ ಎಲ್ಲಿ ಹೋತು?”

“ಎರಡು ದನಿ ಕೂಡಿ ಗದ್ದಲ ಆಗಿತ್ತು, ಸಣ್ಣ ಆಯಿ. ಸಾಫ್ ಮಾಡೇನಿ,” ಎಂದಳು ತಂಗೆವ್ವನ ಮೊಮ್ಮಗಳು ಪೂನಮ್. “ಹೊಸ ಹಾಡು ಹುಡುಕಿ ಹಾಕೋ ಪೇಜಿನವರು ಇದನ್ನ ಎಲ್ಲಾರೂ ಕೇಳ್ರಿ ಅಂತ ಹಾಕ್ಯಾರ. ಸಾವಳಗಿ ಕಡೆ ಟ್ರ್ಯಾಕ್ಟರ್‌ದಾಗೂ ಇದನ್ನ ಹಚ್ಚಾಕತ್ತಾರ. ಈಗ ಇನ್ನೊಂದು ಹಾಡು ಬೇಕಂತ.”

ತಂಗೆವ್ವ ನೆಗೆಣ್ಣಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಸೆರಗು ಸರಿಮಾಡಿಕೊಂಡು ಫೋನಿನ ಮುಂದೆ ಕೂತಳು. ಆ ಸೆರಗು ನೋಡಿ ಲಕ್ಕವ್ವನಿಗೆ ಮೈಯೆಲ್ಲ ಉರಿಯಿತು.

ತಂಗೆವ್ವ ಕಿವಿಗೆ ಕೈ ಹಚ್ಚಿ, ದೇವರು ಬೀರಪ್ಪನನ್ನು ಕರೆಯುವ ಮೊದಲ ಸಾಲನ್ನು ಉಸಿರು ಮುಗಿಯುವವರೆಗೂ ಎಳೆದಳು. ಇನ್ನು ಲಕ್ಕವ್ವ ಸೊಲ್ಲು ಹಿಡಿಯಬೇಕು, ಅಷ್ಟರಲ್ಲಿ ತಾನು ಉಸಿರು ತೆಗೆದುಕೊಳ್ಳಬೇಕು. ಹಿಂದೆ ಯಾವ ದನಿಯೂ ಏಳಲಿಲ್ಲ. ಎಳೆದ ಸಾಲು ಗಂಟಲಲ್ಲೇ ಮುರಿದು ತಂಗೆವ್ವ ಕೆಮ್ಮತೊಡಗಿದಳು.

“ಸೊಲ್ಲು ಹಿಡಿ, ಲಕ್ಕಾ!”

“ಗದ್ದಲ ಆಕ್ಕೈತಿ,” ಎನ್ನುತ್ತ ಲಕ್ಕವ್ವ ಫೋನನ್ನು ತಂಗೆವ್ವನ ಬಾಯಿಯ ಹತ್ತಿರ ದೂಡಿದಳು.