ಅಭ್ಯಾಸ ಪಾಠದ ಅಂಕ

“ಕಥೆಯ ಹೊಸ ಸೊಸೆ ಅಷ್ಟು ಜನರ ಮುಂದೆ ನಡುಗುತ್ತ ನಿಂತಿದ್ದಾಳೆ. ಆಗ ಅವಳಿಗೆ ಏನು ಬೇಕಾಗಿತ್ತು?” ಕೊಟ್ಟೂರಿನ ಶಾಲೆಗೆ ಅಭ್ಯಾಸ ಪಾಠ ಮಾಡಲು ಬಂದಿದ್ದ ಬಿ.ಎಡ್. ವಿದ್ಯಾರ್ಥಿನಿ ಶೈಲಾ ಎಂಟನೇ ತರಗತಿಯ ಮಕ್ಕಳನ್ನು ಕೇಳಿದಳು.

ಯಾರೂ ಕೈ ಎತ್ತಲಿಲ್ಲ. ಅಂಕ ಹಾಕಲು ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹಾಲೇಶಪ್ಪನವರು ಪೆನ್ನಿನ ಕ್ಯಾಪು ತೆಗೆದರು. ಶೈಲಾ ಮತ್ತೆ ಕೇಳಲು ಹೋದಳು. ಗಂಟಲು ಒಣಗಿ ದನಿಯೇ ಹೊರಡಲಿಲ್ಲ. ಕೈಯಲ್ಲಿನ ಸೀಮೆಸುಣ್ಣ ನಡುಗುತ್ತಿತ್ತು.

ಎರಡನೇ ಸಾಲಿನ ನೂರೀನ ಎದ್ದು ಬಂದು ತನ್ನ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟಳು. “ಮೊದ್ಲು ನೀರು ಕುಡೀರಿ ಮೇಡಂ. ಹೆದರಬ್ಯಾಡ್ರಿ, ನಾವದೀವಿ.”

ಶೈಲಾ ಎರಡು ಗುಟುಕು ಕುಡಿದಳು.

ಹಾಲೇಶಪ್ಪನವರು ಅವಳ ಪಾಠಯೋಜನೆಯಲ್ಲಿ ‘ಉದ್ದೇಶ: ಸಹಾನುಭೂತಿ ಬೆಳೆಸುವುದು’ ಎಂಬ ಸಾಲಿನ ಎದುರು ಬರೆದರು: ‘ಈಡೇರಿಲ್ಲ. ಪ್ರಶ್ನೆಗೆ ಒಬ್ಬರೂ ಉತ್ತರಿಸಲಿಲ್ಲ.’