ಬಚ್ಚಲ ಮರೆಯ ದೊಡ್ಡಪತ್ರೆ

ಲೋಟ ಬರಿದಾಗುವವರೆಗೂ ಪಾಲಮ್ಮ ಉಸಿರು ಬಿಗಿಹಿಡಿದಿದ್ದಳು. ಬಿಸಿ ಕಷಾಯವನ್ನು ಹಿತ್ತಲ ಗಿಡದ ಡಬ್ಬದ ಮಣ್ಣು ಸದ್ದಿಲ್ಲದೆ ಕುಡಿಯಿತು. ಕುಡಿದವಳಂತೆ ಸೆರಗಿನಿಂದ ತುಟಿ ಒರೆಸಿಕೊಂಡಳು. ಬೀದಿ ನಲ್ಲಿಯಿಂದ ಅತ್ತೆ ಕೊಡ ಹೊತ್ತು ಬರುವಷ್ಟರಲ್ಲಿ ಒಲೆಯ ಮುಂದಿದ್ದಳು.

“ಕುಡಿದ್ಯಾ?” ದುರುಗಕ್ಕ ಕೇಳಿದಳು.

“ಕುಡಿದೆ ಅತ್ತೆ.”

“ಹೊಟ್ಯಾಗಿರೋ ಕೂಸಿಗೆ ಒಳ್ಳೇದು. ಒಂದು ಹನೀನೂ ಚೆಲ್ಲಬಾರ್ದು.”

ಪಾಲಮ್ಮನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಇನ್ನೊಂದು ಕೈಯಲ್ಲಿ ಅತ್ತೆಗೆ ಬೆಲ್ಲದ ಟೀ ಕೊಟ್ಟಳು. “ಗಿಡ ನೋಡ್ಕೊಂಡು ಕುಡೀತೀನಿ,” ಎಂದು ದುರುಗಕ್ಕ ಎಂದಿನಂತೆ ಹಿತ್ತಲಿಗೆ ನಡೆದಳು.

ಚಳ್ಳಕೆರೆಯ ಆ ಮನೆಯ ಹಿತ್ತಲ ತುಂಬ ಎಣ್ಣೆ ಡಬ್ಬಗಳು. ಪಾಲಮ್ಮನ ಗಂಡ ಮಾರಣ್ಣ ಶೇಂಗಾ ಎಣ್ಣೆ ಮಿಲ್ಲಿನಿಂದ ಹಳೆಯ ಡಬ್ಬ ತಂದರೆ, ದುರುಗಕ್ಕ ಬಾಯಿ ಕತ್ತರಿಸಿ ಮಣ್ಣು ತುಂಬುವಳು. ತುಳಸಿ, ಅಮೃತಬಳ್ಳಿ, ಲೋಳೆಸರ, ಒಂದೆಲಗ. ಬಚ್ಚಲ ಗೋಡೆಯ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ದೊಡ್ಡಪತ್ರೆ.

“ಇದಕ್ಕೆ ಮಾತ್ರ ನೀರು ಜಾಸ್ತಿ ಆಗ್ಬಾರ್ದು, ಬುಡ ಕೊಳೀತೈತೆ,” ಎಂದಿದ್ದಳು ಅತ್ತೆ, ಪಾಲಮ್ಮ ಮದುವೆಯಾಗಿ ಬಂದ ಹೊಸತರಲ್ಲಿ. ಆಮೇಲೆ ತಿರುಗಿ ನೋಡಿ, “ರಾಂಪುರದ ನಿಮ್ಮಜ್ಜಿಗೆ ಬೇರು ನಾರು ಎಲ್ಲ ಗೊತ್ತಂತಲ್ಲ. ನಿಂಗೂ ಕಲಿಸ್ಯಾಳಾ?”

“ಅಜ್ಜಿ ಕಲಿಸಿದ್ದು ಬರೀ ಕಥೆ ಅತ್ತೆ.” ಪಾಲಮ್ಮ ನಕ್ಕಿದ್ದಳು. ಅತ್ತೆ ನಕ್ಕಿರಲಿಲ್ಲ.

ಅಜ್ಜಿಯ ಕಥೆಗಳಲ್ಲಿ ಹಾಲಿಗೆ ವಿಷ ಬೆರೆಸುವ ಅತ್ತೆಯರಿದ್ದರು. ಮೊದಲ ಗುಟುಕನ್ನು ಸಾಕಿದ ಗಿಳಿಗೆ ಕುಡಿಸಿ ಬದುಕಿಕೊಳ್ಳುವ ಸೊಸೆಯರಿದ್ದರು. ಕಥೆ ಕಥೆಯಾಗಿಯೇ ಉಳಿಯುತ್ತಿತ್ತೇನೋ, ಪಕ್ಕದ ಮನೆಯ ಕಾಟಮ್ಮ ನಲ್ಲಿಯ ಹತ್ತಿರ ಬಾಯಿ ಬಿಡದಿದ್ದರೆ.

“ಮಾರಣ್ಣನ ಮೊದಲ್ನೇ ಹೆಂಡ್ತೀನೂ ಅದೇ ಕಷಾಯ ಕುಡೀತಿದ್ಲು ಕಣವ್ವ. ಜ್ವರ ಬಂದು ಹೋದ್ಲು ಅಂತಾರೆ. ನಾನೇನೂ ಹೇಳಲ್ಲಪ್ಪ.”

ಏನೂ ಹೇಳದೆಯೇ ಕಾಟಮ್ಮ ಎಲ್ಲ ಮನೆಗೂ ಎಲ್ಲವನ್ನೂ ಮುಟ್ಟಿಸುವವಳು. ಪಾಲಮ್ಮನ ನಾಲಿಗೆಗೆ ಅಂದಿನಿಂದ ಕಷಾಯ ತಾಗಲಿಲ್ಲ. ಅವಳ ಬಳಿ ಗಿಳಿ ಇರಲಿಲ್ಲ. ದೊಡ್ಡಪತ್ರೆ ಇತ್ತು.

ಮೊದಲು ಎಲೆಯಂಚು ಹಳದಿಯಾಯಿತು. ಆಮೇಲೆ ಕಾಂಡ ಕಪ್ಪಿಟ್ಟಿತು. ಬುಡಕ್ಕೆ ಇರುವೆ ಸಾಲುಗಟ್ಟಿದವು. ಸಾಯುವುದರ ವಾಸನೆ ಇರುವೆಗೆ ಮೊದಲೇ ಸಿಗುತ್ತದೆ ಎಂದುಕೊಂಡಳು ಪಾಲಮ್ಮ. ಹೊಟ್ಟೆಯೊಳಗಿನ ಕೂಸು ಆ ಕಾಂಡದಷ್ಟೂ ಗಟ್ಟಿಯಿಲ್ಲವಲ್ಲ.

ಕಷಾಯ ಹುಯ್ದ ಗಿಡ ಒಣಗುತ್ತಿದೆ ಎಂದು ಗಂಡನಿಗೆ ಹೇಳಿದಳು. “ಅವ್ವನ ಮದ್ದು ಇಡೀ ಬೀದಿ ಕುಡೀತೈತೆ. ಹುಚ್ಚಿ ಹಂಗೆ ಆಡ್ಬ್ಯಾಡ,” ಎಂದು ಅವನು ತಟ್ಟೆಗೆ ಕೈಹಾಕಿದ. ಅಷ್ಟರಲ್ಲಿ ಒಳಬಂದ ದುರುಗಕ್ಕ ಗೋಡೆಗೊರಗಿ ಮಗ ಉಣ್ಣುವುದನ್ನೇ ನೋಡುತ್ತ ನಿಂತಳು. ಮಗ ಉಂಡೆದ್ದ ಮೇಲೆ, ಅದೇ ಪಾತ್ರೆಯಿಂದ ಬಡಿಸಿಕೊಳ್ಳುವುದು ಅವಳ ರೂಢಿ. ಎಂಥ ತಾಯಿ ಎನ್ನುತ್ತಿದ್ದರು ನೋಡಿದವರು.

ಎಸ್‌ಟಿಡಿ ಬೂತಿನವರೆಗೂ ಹೋಗಿ ಪಾಲಮ್ಮ ವಾಪಸಾದಳು. ತವರಿಗೆ ಏನೆಂದು ಹೇಳುವುದು? ಗಿಡ ಒಣಗಿತು ಎಂದೇ?

ಮರುದಿನ ನಲ್ಲಿಗೆ ನೀರು ಬರಲಿಲ್ಲ. ದುರುಗಕ್ಕ ಮನೆಯಲ್ಲೇ ಉಳಿದಳು. ಕಷಾಯದ ಲೋಟವನ್ನು ಸೊಸೆಯ ಕೈಗಿತ್ತು, ತನ್ನ ಟೀ ತೆಗೆದುಕೊಂಡು, “ಬಾ ಹಿತ್ತಲಿಗೆ,” ಎಂದಳು.

ದೊಡ್ಡಪತ್ರೆ ಬುಡ ಸಮೇತ ಮಗುಚಿ ಬಿದ್ದಿತ್ತು. ಅತ್ತೆ ಅದನ್ನೇ ನೋಡಿದಳು. ಆಮೇಲೆ ಸೊಸೆಯನ್ನು.

“ಆರ್ತೈತೆ, ಕುಡಿ.”

ಪಾಲಮ್ಮ ಲೋಟವನ್ನು ಅತ್ತೆಯ ಕಡೆಗೇ ಹಿಡಿದಳು. “ಮೊದ್ಲು ನೀವು ಕುಡೀರಿ ಅತ್ತೆ.”

ದುರುಗಕ್ಕ ಲೋಟ ಕಸಿದುಕೊಂಡು ಗಟಗಟನೆ ಅರ್ಧ ಕುಡಿದಳು. ಬಾಯಿ ಒರೆಸಿಕೊಂಡಳು. ಏನೂ ಆಗಲಿಲ್ಲ. ಆಮೇಲೆ ತನ್ನ ಟೀ ಲೋಟವನ್ನು ಮುಂದೆ ಚಾಚಿದಳು. ಟೀ ತುಳುಕಿ ಇರುವೆಗಳ ಮೇಲೆ ಬಿತ್ತು.

“ಈಗ ನೀನು ಇದನ್ನ ಕುಡಿದು ತೋರ್ಸು. ನೀ ಬಂದಾಗಿಂದ ದಿನಾ ನಾನಿದನ್ನ ಈ ಗಿಡಕ್ಕೇ ಹುಯ್ತಾ ಇದೀನಿ.”